ನಿಮ್ಮವನು ಹೀಗೆ ಮಾಡಿದನಲ್ಲಾ!

ಮೈಸೂರಿನ ಒಂಟಿಕೊಪ್ಪಲಿನಿಂದ ಭಾವ ಪ್ರತಿ ಭಾನುವಾರ ಫೋನು ಮಾಡುತ್ತಾರೆ. ಅವರಿಗದು ಸಂಜೆಯ ವಾಕಿಂಗ್ ಮುಗಿದ ಹೊತ್ತು. ಫಿಲಡೆಲ್ಫಿಯಾದ ಹೊರವಲಯದಲ್ಲಿರುವ ನನಗೆ ಮೊದಲ ಲೋಟ ಕಾಫಿಯ ಹೊತ್ತು. ಹಿಂದೆಲ್ಲ ‘ಸ್ನೋ ಬಿತ್ತೇನಯ್ಯಾ?’ ಎಂದು ಶುರುವಾಗುತ್ತಿದ್ದ ಮಾತು ಈಗ ‘ಏನಯ್ಯಾ ಇದು, ನಿಮ್ಮವನು ಹೀಗೆ ಮಾಡಿದನಲ್ಲಾ!’ ಎಂದೇ ಶುರುವಾಗುತ್ತದೆ. ನಿಮ್ಮವನು ಎಂದರೆ ಡೊನಾಲ್ಡ್ ಟ್ರಂಪ್. ನಾನು ಸರಿಯಾಗಿ ವಿಚಾರಿಸದೆ ಮನೆಗೆ ತಂದುಕೊಂಡ ಅಳಿಯ ಊರಲ್ಲೆಲ್ಲ ರಂಪ ಮಾಡುತ್ತಿದ್ದಾನೆ ಎಂಬಂತಿರುತ್ತದೆ ಅವರ ದನಿ.

2025ರ ಆಗಸ್ಟ್ 27ರಂದು ಭಾರತದ ಸರಕಿನ ಮೇಲಿನ ಸುಂಕ ಶೇಕಡಾ 50ಕ್ಕೆ ಏರಿತಲ್ಲ, ಆ ವಾರ ಅವರು ಭಾನುವಾರದವರೆಗೂ ಕಾಯಲಿಲ್ಲ. ‘ನಾವು ರಷ್ಯಾದ ಎಣ್ಣೆ ಕೊಂಡರೆ ನಿಮ್ಮವನಿಗ್ಯಾಕೆ ಹೊಟ್ಟೆನೋವು?’ ಎಂದರು. ಆ ಸುಂಕವನ್ನು ಕಟ್ಟುವುದು ಇಲ್ಲಿನ ಆಮದುದಾರ, ಅವನು ಅದನ್ನು ತೊಗರಿಬೇಳೆಯ ಪೊಟ್ಟಣಕ್ಕೆ ಸೇರಿಸಿ ನನ್ನ ತಲೆಗೇ ಕಟ್ಟುತ್ತಾನೆ ಎಂದು ನಾನು ನನ್ನ ಗೋಳು ತೋಡಿಕೊಂಡೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಎಂದು ಹಿರಿಯರು ಹೇಳಿದ್ದಾರೆ, ಸರಿ. ಆದರೆ ಸುಂಕ ತೆರುವವರಿಬ್ಬರು ಪರಸ್ಪರ ಸುಖದುಃಖ ಹೇಳಿಕೊಳ್ಳತೊಡಗಿದರೆ ಏನಾಗುತ್ತದೆ ಎಂದು ಅವರು ಹೇಳಿಲ್ಲ. ಮುಕ್ಕಾಲು ಗಂಟೆ ಆಗುತ್ತದೆ.

‘ನಿಮ್ಮವನು’ ಎಂಬುದನ್ನು ನಾನು ಅಲ್ಲಗಳೆಯುವ ಹಾಗೂ ಇಲ್ಲ. 2011ರಲ್ಲಿ ಅಮೆರಿಕದ ಪೌರನಾಗಲು ಬಲಗೈ ಎತ್ತಿ ಪ್ರಮಾಣ ಮಾಡಿದ್ದೇನೆ. ಅದಕ್ಕೆ ಮೊದಲು ನೂರು ಪ್ರಶ್ನೆಗಳ ಪಟ್ಟಿಯನ್ನು ಎಸೆಸೆಲ್ಸಿ ಹುಡುಗನ ಹಾಗೆ ಉರುಹೊಡೆದೆ. ಅದರಲ್ಲಿ ಹತ್ತು ಕೇಳುತ್ತಿದ್ದರು, ಆರು ಸರಿಯಾದರೆ ಪಾಸು. ಪ್ರಮಾಣವಚನದಲ್ಲಿ ಯಾವ ವಿದೇಶಿ ರಾಜನಿಗೂ ಅಧಿಪತಿಗೂ ಇನ್ನು ನಿಷ್ಠೆ ಇಲ್ಲ ಎನ್ನಬೇಕು. ಹಾಗೆನ್ನುವಾಗ ನಮ್ಮಜ್ಜನ ಮನೆಯ ನಡುಮನೆಯಲ್ಲಿ ಗಂಧದ ಹಾರ ಹಾಕಿಸಿಕೊಂಡಿದ್ದ ಜಯಚಾಮರಾಜ ಒಡೆಯರ ಫೋಟೋ ಕಣ್ಣೆದುರು ಬಂದು ನಿಂತಿತು. ಮಹಾರಾಜರು ಏನೂ ಅಂದುಕೊಳ್ಳಲಿಲ್ಲ. ಅವರು ಹೇಗೂ ಅಜ್ಜ ಬೇಡಿಕೊಂಡಾಗಲೂ ಏನೂ ಅನ್ನುತ್ತಿರಲಿಲ್ಲ. ಕಾನೂನು ಕರೆದರೆ ದೇಶಕ್ಕಾಗಿ ಆಯುಧ ಹಿಡಿಯುತ್ತೇನೆ ಎಂದೂ ಹೇಳಿದೆ. ಹಲ್ಲಿ ಹೊಡೆಯಲು ನನ್ನನ್ನು ಕಳಿಸಿ ನೋಡಿರುವ ಹೆಂಡತಿ ಪ್ರೇಕ್ಷಕರ ಸಾಲಿನಲ್ಲಿ ಕೂತು ಸೆರಗನ್ನು ಬಾಯಿಗೆ ಅಡ್ಡ ಹಿಡಿದದ್ದು ಕಾಣಿಸಿತು.

ನನಗೆ ಕೇಳಿದ ಪ್ರಶ್ನೆಗಳಲ್ಲಿ ಒಂದು, ಸಂವಿಧಾನದ ಮೊದಲ ಮೂರು ಪದ ಯಾವುವು ಎಂಬುದು. ‘ವಿ ದ ಪೀಪಲ್’ ಎಂದೆ, ಅಧಿಕಾರಿ ಟಿಕ್ ಹಾಕಿದ. ಆದರೆ ಆಮೇಲೆ ನನ್ನ ತೆಲುಗು ಗೆಳೆಯನೊಬ್ಬ ತಲೆಯಲ್ಲಿ ಹುಳ ಬಿಟ್ಟ. ಅವರ ಭಾಷೆಯಲ್ಲಿ ಎರಡು ‘ನಾವು’ ಇವೆ. ಕೇಳುವವನನ್ನೂ ಸೇರಿಸಿಕೊಂಡರೆ ‘ಮನಂ’, ಅವನನ್ನು ಹೊರಗಿಟ್ಟರೆ ‘ಮೇಮು’. ‘ನಿಮ್ಮ ಸಂವಿಧಾನದ್ದು ಯಾವುದು, ಮನಮಾ ಮೇಮಾ?’ ಎಂದು ಕೇಳಿದ. ಅವನೂ ಅದೇ ಸಂವಿಧಾನಕ್ಕೆ ಪ್ರಮಾಣ ಮಾಡಿದವನು. ಒಂದೇ ‘ನಾವು’ ಇಟ್ಟುಕೊಂಡು ಸಂಸಾರ ಸಾಗಿಸುವ ಕನ್ನಡಿಗನಿಗೆ ಉತ್ತರ ತೋಚಲಿಲ್ಲ.

ಚುನಾವಣೆ ಬಂದಾಗ ಮಾತ್ರ ಅದು ಅಪ್ಪಟ ‘ಮನಂ’. ನಮ್ಮ ಪೆನ್ಸಿಲ್ವೇನಿಯಾ ಯಾವ ಕಡೆಗೆ ವಾಲುತ್ತದೋ ಹೇಳಲಾಗದ ಏಳು ರಾಜ್ಯಗಳಲ್ಲಿ ಒಂದು. ಗೆಲುವಿಗೆ ಬೇಕಾದ 270 ಎಲೆಕ್ಟೋರಲ್ ಮತಗಳಲ್ಲಿ 19 ನಮ್ಮವು. 2024ರ ಶರತ್ಕಾಲದಲ್ಲಿ ನಾನು ಅನುಭವಿಸಿದ ಮರ್ಯಾದೆಯನ್ನು ನನ್ನ ಮದುವೆಯಲ್ಲೂ ಕಂಡಿರಲಿಲ್ಲ. ದಿನಕ್ಕೆ ನಾಲ್ಕು ಫೋನು, ಅಂಚೆಪೆಟ್ಟಿಗೆ ತುಂಬ ಮಿರಮಿರ ಮಿಂಚುವ ಕಾಗದ, ಬಾಗಿಲಲ್ಲಿ ಹದಿಹರೆಯದ ಹುಡುಗರು. ನನ್ನ ಹೆಸರನ್ನು ಹೇಗೆ ಹೇಳಬೇಕೆಂದು ಕೇಳಿಕೊಂಡು ಹೋದರು. ಕ್ಯಾಲಿಫೋರ್ನಿಯಾದ ನನ್ನ ಚಿಕ್ಕಪ್ಪನ ಮಗಳನ್ನು ಯಾರೂ ಕೇಳುವವರಿಲ್ಲ. ಅವಳ ರಾಜ್ಯದ ಫಲಿತಾಂಶ ಮೊದಲೇ ಗೊತ್ತು. ನವೆಂಬರ್ 6ರ ಬೆಳಿಗ್ಗೆ ಫೋನು ಸತ್ತಂತೆ ಬಿದ್ದಿತ್ತು. ಮದುವೆ ಮುಗಿದ ಛತ್ರದಲ್ಲಿ ಕೊನೆಯ ಬಸ್ಸಿಗೆ ಕಾಯುವ ದೂರದ ನೆಂಟನ ಹಾಗೆ ಒಬ್ಬನೇ ಕೂತು ಕಾಫಿ ಕುಡಿದೆ. ಯಾರಿಗೆ ಓಟು ಹಾಕಿದೆ ಎಂದು ಹೆಂಡತಿಗೂ ಹೇಳಿಲ್ಲ. ಅವಳಿಗೆ ಗೊತ್ತಿದೆ ಎನ್ನುವುದು ಬೇರೆ ಮಾತು.

ಓಟಿನ ಬೆಲೆಯ ಬಗ್ಗೆ ನನಗೆ ಭ್ರಮೆ ಮೊದಲಿಂದಲೂ ಅಷ್ಟಿರಲಿಲ್ಲ ಅನ್ನಿ. ನಾನು ಮೊದಲು ಓಟು ಹಾಕಿದ ಕ್ಷೇತ್ರದ ನಕಾಶೆ ನೋಡಿದವರು ಅದಕ್ಕೆ ‘ಡೊನಾಲ್ಡ್ ಡಕ್ಕನ್ನು ಒದೆಯುತ್ತಿರುವ ಗೂಫಿ’ ಎಂದು ಹೆಸರಿಟ್ಟಿದ್ದರು. ತಮಗೆ ಬೇಕಾದ ಮತದಾರರನ್ನು ಹೆಕ್ಕಲು ಐದು ಕೌಂಟಿಗಳಲ್ಲಿ ಹಾವಿನಂತೆ ಹರಿಸಿದ ಗಡಿ; ಒಂದು ಕಡೆ ಆ ಕ್ಷೇತ್ರದ ಅಗಲ ಮೀನೂಟದ ಹೋಟೆಲೊಂದರ ಅಗಲಕ್ಕಿಂತ ಹೆಚ್ಚಿರಲಿಲ್ಲ. 2018ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಆ ನಕಾಶೆಯನ್ನು ಹೊಡೆದುಹಾಕಿತು. ಅಷ್ಟು ವರ್ಷ ನಾನು ಗೂಫಿಯ ಕಾಲಲ್ಲಿದ್ದೆನೋ ಡಕ್ಕಿನ ಹೊಟ್ಟೆಯಲ್ಲಿದ್ದೆನೋ ಇಂದಿಗೂ ಬಗೆಹರಿದಿಲ್ಲ.

ನಿಜವಾದ ನಷ್ಟ ಆದದ್ದು ಬೇಲಿಯ ಹತ್ತಿರ. ಪಕ್ಕದ ಮನೆಯಾತ ನಿವೃತ್ತ ಮೇಷ್ಟ್ರು. ಇಪ್ಪತ್ತು ವರ್ಷದಿಂದ ಬೇಲಿಯ ಆಚೆ ಅವನು, ಈಚೆ ನಾನು. ಅವನ ಅಂಗಳದ ಫಲಕ ನನ್ನ ಓಟಿನ ಎದುರು ದಿಕ್ಕಿನದು ಎಂದು ಗೊತ್ತಾದ ಮೇಲೆ ಮಾತಿನ ವಿಷಯಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡವು. ಹವೆಯ ಮಾತೆತ್ತಿದರೆ ಹವಾಮಾನ ಬದಲಾವಣೆ ಬರುತ್ತದೆ. ಮೊಟ್ಟೆ ಎಂದರೆ, 2025ರ ಮಾರ್ಚಿನಲ್ಲಿ ಡಜನ್ನಿಗೆ ಸರಾಸರಿ 6.23 ಡಾಲರ್ ಆಗಿ, ಕೋಳಿಜ್ವರದ ಪಾಪ ಯಾವ ಪಕ್ಷದ್ದು ಎಂಬಲ್ಲಿಗೆ ಮುಟ್ಟಿತು. ನಮ್ಮ ಈಗಲ್ಸ್ ತಂಡ ಸೂಪರ್ ಬೌಲ್ ಗೆದ್ದಾಗ ಬದುಕಿದೆವು ಎಂದುಕೊಂಡೆ. ಎರಡೂವರೆ ತಿಂಗಳಲ್ಲೇ ಶ್ವೇತಭವನದ ಸನ್ಮಾನಕ್ಕೆ ಯಾವ ಆಟಗಾರ ಹೋದ, ಯಾರು ಹೋಗಲಿಲ್ಲ ಎಂಬ ಚರ್ಚೆ ಎದ್ದು ಫುಟ್‌ಬಾಲಿಗೂ ಬೀಗ ಬಿತ್ತು. ಈಗ ಉಳಿದಿರುವುದು ಅಳಿಲು. ಅಳಿಲುಗಳು ಅವನ ಟೊಮ್ಯಾಟೊವನ್ನೂ ನನ್ನ ಬದನೆಯನ್ನೂ ಪಕ್ಷಭೇದವಿಲ್ಲದೆ ಕಚ್ಚುತ್ತವೆ. ಆ ವಿಷಯದಲ್ಲಿ ನಾವು ಗಟ್ಟಿಯಾಗಿ ಒಂದಾಗಿದ್ದೇವೆ.

ಯುದ್ಧಗಳ ಕಥೆಯೂ ಸರ್ವನಾಮದ ಕಥೆಯೇ. 2025ರ ಮೇ 10ರಂದು ಭಾರತ–ಪಾಕಿಸ್ತಾನ ಕದನ ನಿಂತಿತು ಎಂದು ಟ್ರಂಪ್ ತಮ್ಮ ಜಾಲತಾಣದಲ್ಲಿ ಸಾರಿದರು. ಮೇಷ್ಟ್ರು ಬೇಲಿಯ ಮೇಲಿಂದ ‘ನಿಮ್ಮ ಯುದ್ಧ ನಿಂತಿತಲ್ಲ, ಸಂತೋಷ’ ಎಂದ. ಮಾರನೆಯ ದಿನ ಭಾನುವಾರ. ‘ನಮ್ಮ ಯುದ್ಧ ನಿಲ್ಲಿಸೋಕೆ ನಿಮ್ಮವನ್ಯಾರು? ಸೇನೆಯವರು ಸೇನೆಯವರು ಮಾತಾಡಿಕೊಂಡರು ಅಂತ ದೆಹಲಿಯವರೇ ಹೇಳಿದ್ದಾರೆ’ ಎಂದು ಭಾವ ಗುಡುಗಿದರು. ಜೂನಿನಲ್ಲಿ ಅಮೆರಿಕದ ವಿಮಾನಗಳು ಇರಾನಿನ ಅಣುಕೇಂದ್ರಗಳ ಮೇಲೆ ಬಾಂಬು ಹಾಕಿದಾಗ ಇಬ್ಬರಿಗೂ ಅದು ನನ್ನ ಯುದ್ಧವಾಯಿತು. ಮೇಷ್ಟ್ರು ಮೊದಲ ಬಾರಿ ‘ನಾವು ಹೊಡೆದೆವು’ ಎಂದ. ಆ ‘ನಾವು’ಗೆ ನನ್ನನ್ನೂ ಸೇರಿಸಿಕೊಂಡಿದ್ದ. ಹದಿನಾಲ್ಕು ವರ್ಷ ಕಾದ ‘ಮನಂ’ ಬಂತು, ಬಾಂಬಿನ ಜೊತೆ.

ಮಗಳ ಹತ್ತಿರ ಇಂಥ ಹಾಸ್ಯ ನಡೆಯುವುದಿಲ್ಲ. 2024ರ ವಸಂತದಲ್ಲಿ ಇಲ್ಲಿನ ಕಾಲೇಜುಗಳ ಹುಲ್ಲುಹಾಸಿನ ಮೇಲೆ ಗಾಜಾಕ್ಕಾಗಿ ಡೇರೆಗಳು ಎದ್ದಿದ್ದ ಕಾಲದಲ್ಲಿ ಅವಳು ಊಟದ ಮೇಜಿನ ಮೇಲೆ ಲೆಕ್ಕ ಮಾಡಿ ತೋರಿಸಿದಳು. ಇಸ್ರೇಲಿಗೆ ವರ್ಷಕ್ಕೆ 380 ಕೋಟಿ ಡಾಲರ್ ಮಿಲಿಟರಿ ನೆರವಿನ ಒಪ್ಪಂದ. ಸುಮಾರು 34 ಕೋಟಿ ಜನ. ತಲೆಗೆ ಹನ್ನೊಂದು ಡಾಲರ್ ಚಿಲ್ಲರೆ. ನಮ್ಮ ನಾಲ್ಕು ತಲೆಗೆ ನಲವತ್ತೈದು. ‘ಎರಡು ಮೂಟೆ ಸೋನಾ ಮಸೂರಿ, ಅಪ್ಪ’ ಎಂದಳು. ಹಮಾಸಿನವರು ಹಿಂದಿನ ವರ್ಷದ ಅಕ್ಟೋಬರ್ 7ರಂದು ಕೊಂದ ಸುಮಾರು 1,200 ಜನರನ್ನು ನೆನಪಿಸಿದೆ. ‘ಅವರನ್ನು ಮರೆತಿಲ್ಲ, ಆದರೆ ಅದಕ್ಕೆ ಅಕ್ಕಿ ನಾವು ಕೊಟ್ಟಿರಲಿಲ್ಲ’ ಎಂದಳು. ಅವತ್ತು ಅನ್ನ ಬಡಿಸಿಕೊಳ್ಳುವಾಗ ಕೈ ಸ್ವಲ್ಪ ತಡೆಯಿತು. ಬಡಿಸಿಕೊಂಡೆ. ಮೊಸರನ್ನೂ ಹಾಕಿಕೊಂಡೆ.

ನಾನು ನಡೆಯಲು ಹೋಗುವ ದಾರಿಯಲ್ಲಿ ಒಂದು ಕಿಟಕಿಗೆ ಉಕ್ರೇನಿನ ಬಾವುಟವಿದೆ, 2022ರಿಂದ. ನಾಲ್ಕು ಬೇಸಿಗೆ ಬಿಸಿಲಿಗೆ ನೀಲಿ ಯಾವುದು, ಹಳದಿ ಯಾವುದು ಗೊತ್ತಾಗುವುದಿಲ್ಲ. ಯಾರೂ ಇಳಿಸಿಲ್ಲ.

2025ರ ಅಕ್ಟೋಬರಿನಲ್ಲಿ ಅಕ್ಕ–ಭಾವ ಬಂದರು. ಬಂದದ್ದು ಸರ್ಕಾರ ಮುಚ್ಚಿದ ಮೊದಲ ವಾರ. ಮೂವತ್ತಾರು ವರ್ಷ ಸರ್ಕಾರಿ ನೌಕರಿ ಮಾಡಿದ ಭಾವನಿಗೆ ಇದು ಅರ್ಥವೇ ಆಗಲಿಲ್ಲ.

‘ಸರ್ಕಾರ ಬಿತ್ತಾ?’

‘ಬಿದ್ದಿಲ್ಲ ಭಾವ, ಮುಚ್ಚಿದೆ. ಖರ್ಚಿನ ಮಸೂದೆ ಪಾಸಾಗಿಲ್ಲ.’

‘ಹಣಕಾಸು ಮಸೂದೆ ಪಾಸಾಗದಿದ್ದರೆ ಸರ್ಕಾರ ಬೀಳಬೇಕಲ್ಲವೇನಯ್ಯಾ?’

‘ಇಲ್ಲಿ ಬೀಳಲ್ಲ. ನೌಕರರಿಗೆ ಸಂಬಳ ನಿಲ್ಲುತ್ತದೆ, ಅಷ್ಟೆ.’

‘ಎಂಪಿಗಳಿಗೆ?’

‘ಅವರಿಗೆ ಬರುತ್ತದೆ.’

ಭಾವ ಬಹಳ ಹೊತ್ತು ಸುಮ್ಮನಿದ್ದು, ‘ನಮ್ಮಲ್ಲಾಗಿದ್ದರೆ ಫ್ರೀಡಂ ಪಾರ್ಕಿನಲ್ಲಿ ನಿಲ್ಲೋಕೆ ಜಾಗ ಇರ್ತಿರಲಿಲ್ಲ’ ಎಂದರು. ಅವರನ್ನು 1776ರಲ್ಲಿ ಸ್ವಾತಂತ್ರ್ಯ ಘೋಷಣೆಯಾದ ಕಟ್ಟಡ ತೋರಿಸಲು ಕರೆದುಕೊಂಡು ಹೋದೆ. ಮುಚ್ಚಿತ್ತು. ಎದುರಿನ ಲಿಬರ್ಟಿ ಬೆಲ್ಲಿನ ಮಂದಿರವೂ ಮುಚ್ಚಿತ್ತು. ಗಾಜಿಗೆ ಮೂಗು ಒತ್ತಿ, ಅಂಗೈಯಿಂದ ಬಿಸಿಲು ಮರೆಮಾಡಿಕೊಂಡು ಗಂಟೆ ನೋಡಿದೆವು. ‘ಅದೇನದು, ಒಡೆದಿದೆಯಲ್ಲಾ?’ ಎಂದಳು ಅಕ್ಕ. ಅದರ ಕೀರ್ತಿ ಇರುವುದೇ ಆ ಬಿರುಕಿನಲ್ಲಿ ಎಂದು ವಿವರಿಸಿದೆ. ‘ಒಡೆದ ಗಂಟೆ, ಮುಚ್ಚಿದ ಬಾಗಿಲು. ಇದಕ್ಕೆ ಒಂದೂಕಾಲು ಲಕ್ಷದ ಟಿಕೆಟ್ಟು’ ಎಂದರು ಭಾವ.

ಅಲ್ಲೇ ಹತ್ತಿರದಲ್ಲಿ ನಾಣ್ಯದ ಟಂಕಸಾಲೆ. ಅದನ್ನೂ ಹೊರಗಿನಿಂದ ತೋರಿಸಿದೆ. ಭಾವನಿಗೆ ಅಲ್ಲಿಂದ ಪೆನ್ನಿಯ ಹುಚ್ಚು ಹಿಡಿಯಿತು. ರಸ್ತೆಯಲ್ಲಿ ಬಿದ್ದದ್ದು, ನನ್ನ ಕಾರಿನ ಸಂದಿಯಲ್ಲಿದ್ದದ್ದು, ಅಂಗಡಿಯವನು ಬೇಡವೆಂದು ತಟ್ಟೆಯಲ್ಲಿಟ್ಟದ್ದು, ಎಲ್ಲವನ್ನೂ ಹೆಕ್ಕಿದರು. ‘ಇಲ್ಲಿ ಬಗ್ಗಿ ಪೆನ್ನಿ ಎತ್ತುವವರಿಲ್ಲ ಭಾವ’ ಎಂದರೆ, ‘ಅದಕ್ಕೇ ನಿಮ್ಮ ದೇಶ ಹೀಗಾಗಿರೋದು’ ಎಂದರು. ವಾಪಸು ಹೋಗುವಾಗ ವಿಮಾನ ನಿಲ್ದಾಣದಲ್ಲಿ ಬ್ಯಾಗು ತಪಾಸಿಸುತ್ತಿದ್ದ ಹುಡುಗ ಸಂಬಳವಿಲ್ಲದೆ ಕೆಲಸ ಮಾಡುತ್ತಿದ್ದಾನೆ ಎಂದು ತಿಳಿದು, ಅವನ ಕೈಗೆ ಹತ್ತು ಡಾಲರ್ ಇಡಲು ಹೊರಟಿದ್ದರು. ಲಂಚವೆಂದು ಒಳಗೆ ಹಾಕುತ್ತಾರೆ ಎಂದು ಅಕ್ಕ ತೋಳು ಹಿಡಿದು ಎಳೆದಳು.

ನವೆಂಬರ್ 12ರಂದು, 43ನೆಯ ದಿನ, ಸರ್ಕಾರದ ಬಾಗಿಲು ತೆರೆಯಿತು. ಅದೇ ದಿನ ಇಲ್ಲಿನ ಟಂಕಸಾಲೆಯಲ್ಲಿ ಚಲಾವಣೆಯ ಕೊನೆಯ ಪೆನ್ನಿ ಅಚ್ಚಾಯಿತು. ಒಂದು ಸೆಂಟಿನ ನಾಣ್ಯ ಮಾಡಲು ಮೂರೂವರೆ ಸೆಂಟಿಗೂ ಹೆಚ್ಚು ಖರ್ಚಾಗುತ್ತಿತ್ತಂತೆ. 1793ರಿಂದ ಬಂದದ್ದು ಮುಗಿಯಿತು. ಮರುದಿನ ಬೆಳಿಗ್ಗೆ ಫೋನು ಬಂದಾಗ ಭಾನುವಾರವೂ ಅಲ್ಲ, ಇದೇನು ಗ್ರಹಚಾರವೋ ಎಂದುಕೊಂಡೇ ಎತ್ತಿದೆ. ಇವತ್ತು ನಮ್ಮವನು ಏನು ಮಾಡಿದ್ದಾನೋ.

‘ಏನಯ್ಯಾ, ನಮ್ಮ ಪೆನ್ನಿ ನಿಲ್ಲಿಸಿಬಿಟ್ಟರಂತಲ್ಲಾ!’ ಎಂದರು ಭಾವ.

ನಾನು ತಿದ್ದಲಿಲ್ಲ. ನಿಮ್ಮ ಹತ್ತಿರ ಎಷ್ಟಿವೆ ಎಂದು ಕೇಳಿದೆ.

‘ಇಪ್ಪತ್ಮೂರು. ಡಬ್ಬಿಯಲ್ಲಿಟ್ಟಿದ್ದೇನೆ. ಒಂದರಲ್ಲಿ ಮಾತ್ರ ಲಿಂಕನ್ನನ ಮೂಗು ಸವೆದಿದೆ.’