ಹೊಳೆದಂಡೆಯ ದಫ್ತರ: ದಿನಚರಿಯ ಕೆಲವು ಪುಟಗಳು

1 ನವೆಂಬರ್ 2023, ಬುಧವಾರ, ಐರಣಿ

ನಾಡಿಗೆ ಕರ್ನಾಟಕ ಎಂಬ ಹೆಸರು ಬಂದು ಇವತ್ತಿಗೆ 50 ವರ್ಷ. ಬೆಳಿಗ್ಗೆ ಹುಡುಗರ ಮೆರವಣಿಗೆ, ಭುವನೇಶ್ವರಿಯ ಪಟ. ಸಂಜೆ ನಮ್ಮ ಇತಿಹಾಸ ಬಳಗ ಗುಡಿಯ ಕಟ್ಟೆಯ ಮೇಲೆ ಕೂಡಿತು. ಗೋವಿನಜೋಳದ ಒಕ್ಕಲಿ ನಡೆದಿರುವುದರಿಂದ ಬಂದವರು ಕಡಿಮೆ. ಆದರೆ ಬಂದವರು ಕತ್ತಲಾದರೂ ಏಳಲಿಲ್ಲ.

ಮಾಸ್ತರರು ಆಲೂರು ವೆಂಕಟರಾಯರ ಮಾತು ತೆಗೆದರು. 1914ರಲ್ಲಿ ಧಾರವಾಡದಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳ, 1917ರಲ್ಲಿ ‘ಕರ್ನಾಟಕ ಗತವೈಭವ’. ಏಕೀಕರಣ ಆಗಲಿಕ್ಕೆ ಆಗ ಇನ್ನೂ ನಾಲ್ಕು ದಶಕ ಬಾಕಿ. ಹರಿದು ಹಂಚಿಹೋದ ಜನ ತಾವೆಲ್ಲ ಒಂದೇ ಎಂದು ಹೇಳಬೇಕಾದರೆ ಕೈಯಲ್ಲಿ ಪುರಾವೆ ಬೇಕು. ಆ ಪುರಾವೆ ಕಲ್ಲಿನಲ್ಲಿತ್ತು, ತಾಮ್ರದ ಹಾಳೆಯಲ್ಲಿತ್ತು, ಜನರ ಅಟ್ಟದ ಮೇಲಿನ ಗಂಟುಗಳಲ್ಲಿತ್ತು.

ಹೊಳೆದಂಡೆಯ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. 1956ರ ತನಕ ನಮ್ಮ ದಂಡೆ ಮುಂಬೈ ಸರಕಾರದ್ದು. ಆಚೆ ಹರಿಹರದ ಕಡೆ ಮೈಸೂರು ಸಂಸ್ಥಾನ. ಇನ್ನೂ ಕೆಳಗೆ ಹರಪನಹಳ್ಳಿ ಸೀಮೆ ಮದ್ರಾಸಿನದು, ಅದು 1953ರಲ್ಲಿ ಮೈಸೂರಿಗೆ ಬಂತು. ಒಂದೇ ತುಂಗಭದ್ರೆಯ ನೀರು ಕುಡಿದವರಿಗೆ ಮೂರು ಸರಕಾರ! ಈಚೆ ಮಾಮಲೇದಾರ, ತಲಾಟಿ. ಆಚೆ ಅಮಲ್ದಾರ, ಶಾನುಭೋಗ. ಹೆಣ್ಣು ಕೊಟ್ಟು ತರುವುದು ಮಾತ್ರ ನಡೆದೇ ಇತ್ತು.

ಇತಿಹಾಸದ ಕಾಗದಗಳೂ ಹಾಗೆಯೇ ಪಾಲಾದವು. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ ಮೈಸೂರು ಸಂಸ್ಥಾನ ಮತ್ತು ಕೊಡಗಿನ ಕೆಲಸ. ಹರಿಹರದ ಶಾಸನಗಳು ಅದರಲ್ಲಿವೆ. 1224ರಲ್ಲಿ ಪೋಲಾಳ್ವ ದಂಡನಾಥ ಹರಿಹರೇಶ್ವರನ ಗುಡಿ ಕಟ್ಟಿಸಿದ್ದು ಒಂದು ಸಂಪುಟ ತೆರೆದರೆ ಸಿಗುತ್ತದೆ. ಆ ಸಂಪುಟಗಳು ಹೊಳೆ ದಾಟಿ ಈಚೆ ಬರಲಿಲ್ಲ. ಈ ಕಡೆಯ ಶಾಸನಗಳನ್ನು ಫ್ಲೀಟ್ ಸಾಹೇಬರು ಓದಿ ‘ಇಂಡಿಯನ್ ಆಂಟಿಕ್ವರಿ’ಯಂಥ ಪತ್ರಿಕೆಗಳಲ್ಲಿ ಬಿಡಿಬಿಡಿಯಾಗಿ ಅಚ್ಚು ಹಾಕಿಸಿದರು. 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ಆರಂಭವಾಗಿ, ಆರ್.ಎಸ್. ಪಂಚಮುಖಿಯವರು ಅದರ ಹೊಣೆ ಹೊತ್ತ ಮೇಲೆ ಹುಡುಕುವ ಕೆಲಸಕ್ಕೆ ಒಂದು ನೆಲೆ ಸಿಕ್ಕಿತು.

ಕೊನೆಗೆ ಒಂದು ಠರಾವು ಆಯಿತು. ನಮ್ಮ ಊರಿನದನ್ನಷ್ಟೇ ಅಲ್ಲ, ಎದುರು ದಂಡೆಯ ಹಳ್ಳಿಗಳದನ್ನೂ ಒಂದೇ ವಹಿಯಲ್ಲಿ ಬರೆಯುವುದು. ವಹಿ ನನ್ನ ಕೈಗೆ ಬಂತು.

5 ನವೆಂಬರ್, ಭಾನುವಾರ

ನಮ್ಮೂರ ಕೋಟೆಯ ಕಡೆ ಹೋಗಿದ್ದೆವು. ಉಳಿದಿರುವ ಗೋಡೆಯ ಮೇಲೆಲ್ಲ ಜಾಲಿ ಬೆಳೆದಿದೆ. ಹುಡುಗರಿಗೆ ಇಂಗ್ಲಿಷರ ದಂಡಿನ ಮುಖಂಡ ವೆಲ್ಲೆಸ್ಲಿಯ ಕಥೆ ಹೇಳಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಸೆರೆಯಿಂದ ಹೊರಬಿದ್ದ ಧೋಂಡಿಯಾ ವಾಘ್ ಚನ್ನಗಿರಿಯವನು, ನಮ್ಮಿಂದ ಬಹಳ ದೂರದವನಲ್ಲ. ಅವನ ಬೆನ್ನು ಹತ್ತಿದ ಇಂಗ್ಲಿಷರ ದಂಡು ತುಂಗಭದ್ರೆ ದಾಟಿ 1800ರ ಜೂನ್ 27ರಂದು ರಾಣೆಬೆನ್ನೂರಿನ ಕೋಟೆ ಹಿಡಿಯಿತು. ಸೆಪ್ಟೆಂಬರ್ 10ರಂದು ಧೋಂಡಿಯಾ ಕಾಳಗದಲ್ಲಿ ಸತ್ತ. ಅವನ ಎಳೆಯ ಮಗನನ್ನು ವೆಲ್ಲೆಸ್ಲಿಯೇ ಸಾಕುವ ವ್ಯವಸ್ಥೆ ಮಾಡಿದ.

ಒಬ್ಬ ಹುಡುಗ ಕೇಳಿದ: ‘ಅಕ್ಕಾರ, ಇದನ್ನೆಲ್ಲ ಬರದವ್ರು ಇಂಗ್ಲಿಷರು. ಆವಾಗ ನಮ್ಮೂರವ್ರು ಏನ್ ಬರದಾರ?’ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಮ್ಮ ಬಳಗದಲ್ಲಿ ಯಾರೂ ಕೇಳಿರಲಿಲ್ಲ. ದಂಡಿನವರ ಪತ್ರಗಳು ಅಚ್ಚಾಗಿವೆ, 1884ರ ಧಾರವಾಡ ಗ್ಯಾಸೆಟಿಯರ್ ಇದೆ. ನಮ್ಮವರು ಬರೆದದ್ದು ಮನೆಗಳಲ್ಲಿದೆ. ಹೋಗಿ ಕೇಳಬೇಕು.

14 ನವೆಂಬರ್, ಮಂಗಳವಾರ, ಬಲಿಪಾಡ್ಯ

ಹಿತ್ತಲಲ್ಲಿ ಅವ್ವ ಸೆಗಣಿಯ ಹಟ್ಟಿಲಕ್ಕವ್ವನನ್ನು ಕೂಡಿಸುತ್ತಿದ್ದಳು. ಓಣಿಯಲ್ಲಿ ಹೋರಿ ಹಬ್ಬದ ಮಾತೇ ಮಾತು: ಯಾರ ಹೋರಿಗೆ ಎಷ್ಟು ಕೊಬ್ಬರಿ ಸರ, ಯಾವ ಊರಲ್ಲಿ ಯಾವತ್ತು ಓಟ. ಅಷ್ಟರಲ್ಲಿ ಕೆಳಗಿನ ಓಣಿಯ ಅಜ್ಜಿ ಹೇಳಿಕಳಿಸಿದರು.

‘ಸುಣ್ಣ ಹಚ್ಚಾಕಂತ ಅಟ್ಟದ ಸಾಮಾನ ಇಳಿಸಿದ್ವಿ ಯವ್ವಾ. ಈ ಗಂಟ ಸಿಕ್ತು. ಮಗ ಗುಜರಿಗೆ ಹಾಕ್ತೇನಂತಾನ. ನೀವೇನೋ ಹಳೇದು ಬರಕೋತೀರಂತಲ್ಲ, ನೋಡ್ರಿ.’

ಗಂಟಿನಲ್ಲಿ ಕಡತಗಳಿದ್ದವು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆದ ಲೆಕ್ಕ. ಬಳಪದ ಗೆರೆ ಎಷ್ಟೋ ಕಡೆ ಇನ್ನೂ ಬೆಳ್ಳಗೆ ಕಾಣುತ್ತದೆ. ಕೈಯಿಂದ ಒರೆಸಿದರೆ ಹೋಗಿಬಿಡುತ್ತದೆ, ಅದಕ್ಕೇ ಯಾರೂ ಮುಟ್ಟದಂತೆ ನೋಡಿಕೊಂಡೆ. ಕೆಲವು ಮಡಿಕೆ ಕನ್ನಡದಲ್ಲಿ, ಕೆಲವು ಮೋಡಿಯಲ್ಲಿ. ಪೇಶ್ವೆಯವರ ಕಾಲದಿಂದ ಈ ಕಡೆ ಲೆಕ್ಕಪತ್ರ ಮರಾಠಿಯಲ್ಲಿ, ಮೋಡಿ ಅಕ್ಷರದಲ್ಲಿ ನಡೆದು ಬಂದದ್ದು. ಈಗ ಅದನ್ನು ಓದಬಲ್ಲವರು ನಮ್ಮ ಸುತ್ತಮುತ್ತ ಕುಲಕರ್ಣಿಕೆ ಮಾಡಿದ ಮನೆತನದ ಅಜ್ಜ ಒಬ್ಬರೇ. ಎಂಬತ್ತು ದಾಟಿದವರು. ಅವರನ್ನು ಬೈಕಿನಲ್ಲಿ ಕರೆದುಕೊಂಡು ಬಂದೆವು.

ಭೂತಗನ್ನಡಿ ಹಿಡಿದು ಅಜ್ಜ ಒಂದೊಂದೇ ಮಡಿಕೆ ಬಿಡಿಸಿದರು. ಒಂದು ಕಡೆ ಬೆರಳು ನಿಲ್ಲಿಸಿ, ‘ಇಲ್ಲಿ ನೋಡ ತಂಗಿ, ಧಾತು ಸಂವತ್ಸರ. ಬಾಜೂಕ ಫಸಲಿ 1286’ ಎಂದರು. ದಖ್ಖಣದ ಫಸಲಿಗೆ 590 ಕೂಡಿಸಿದರೆ ಇಸವಿ ಬರುತ್ತದೆ. 1876. ಧಾತು ಸಂವತ್ಸರವೂ ಆಗಲೇ ಬರುತ್ತದೆ. ಎರಡು ಲೆಕ್ಕವೂ ಕೂಡಿದವು.

ಅದು ಧಾತು-ಈಶ್ವರ ಬರದ ಮೊದಲ ವರ್ಷ. 1876ರಿಂದ 1878ರ ತನಕ ಮದ್ರಾಸ್, ಮೈಸೂರು, ಮುಂಬೈ, ಹೈದರಾಬಾದ್ ಸೀಮೆಗಳಲ್ಲಿ ಲಕ್ಷಗಟ್ಟಲೆ ಜನ ಸತ್ತ ಬರ. ಮಡಿಕೆಯ ತುಂಬ ಹೆಸರುಗಳು, ಹೆಸರಿನ ಮುಂದೆ ಜೋಳದ ಸೇರುಗಳು. ಕಡ ಕೊಟ್ಟದ್ದು. ತೀರಿಸಿದವರ ಮುಂದೆ ‘ಮುಟ್ಟಿತು’ ಎಂದು ಬರೆದಿದೆ. ಕೆಳಗೆ ಹೋದ ಹಾಗೆ ಆ ಬರಹ ಕಡಿಮೆಯಾಗುತ್ತದೆ, ಬರಿಯ ಹೆಸರು ಉಳಿಯುತ್ತದೆ. ಸತ್ತರೋ, ಗುಳೆ ಹೋದರೋ. ಒಂದು ಹೆಸರು ಕೇಳಿದಾಗ ಅಜ್ಜಿ, ‘ಅದು ನಮ್ಮ ತವರ ಮನಿ ಅಡ್ಡಹೆಸರು’ ಎಂದು ಸುಮ್ಮನಾದರು. ಮಗನೂ ಅಲ್ಲೇ ನಿಂತಿದ್ದ. ಗುಜರಿಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಈ ವರ್ಷವೂ ಮಳೆ ಕೈಕೊಟ್ಟಿದೆ. ಬರದ ಅಂಕಿಗಳು ಸರಕಾರದ ವರದಿಗಳಲ್ಲಿ ಸಿಗುತ್ತವೆ. ನಮ್ಮ ಓಣಿಯ ಯಾವ ಮನೆಗೆ ಎಷ್ಟು ಸೇರು ಜೋಳ ಹೋಯಿತು ಎನ್ನುವುದು ಈ ಕಡತದಲ್ಲಿ ಮಾತ್ರ ಇದೆ. ಅದನ್ನು ಬರೆದಿಟ್ಟವನಿಗೆ ಎಷ್ಟು ಕೈ ಮುಗಿದರೂ ಸಾಲದು.

19 ನವೆಂಬರ್, ಭಾನುವಾರ

ಪರಂಪರೆ ಸಪ್ತಾಹದ ಮೊದಲ ದಿನ. ಹುಡುಗರನ್ನು ಟೆಂಪೋದಲ್ಲಿ ಚೌಡಯ್ಯದಾನಪುರಕ್ಕೆ ಕರೆದೊಯ್ದೆವು. ನಮ್ಮ ಹೊಳೆಯೇ ಕೆಳಗೆ ಹರಿದು ಮುಕ್ತೇಶ್ವರನ ಗುಡಿಯ ಮುಂದೆ ಹೋಗುತ್ತದೆ. ಅಂಬಿಗರ ಚೌಡಯ್ಯನ ಹೆಸರು ಹೊತ್ತ ಊರು. ಗುತ್ತಲದಿಂದ ಆಳಿದ ಗುತ್ತರಸರು ತಮ್ಮನ್ನು ಉಜ್ಜಯಿನಿಯ ಚಂದ್ರಗುಪ್ತನ ವಂಶದವರೆಂದು ಹೇಳಿಕೊಂಡರು. ಇಲ್ಲಿಯ ಶಾಸನಗಳಲ್ಲಿ ಮುಕ್ತಜೀಯರು, ಶಿವದೇವರು ಎಂಬ ಸಂತರ ಸಂಗತಿ ಬರುತ್ತದೆ. ಹಾವೇರಿಯಲ್ಲಿ ಹುಟ್ಟಿದ ವಸುಂಧರಾ ಫಿಲಿಯೋಜಾ ಅವರು ಈ ಒಂದೇ ಗುಡಿಯ ಮೇಲೆ ಇಡೀ ಪುಸ್ತಕ ಬರೆದರು, 1995ರಲ್ಲಿ ಬಂತು. ನಮ್ಮ ಜಿಲ್ಲೆಯ ಹೆಣ್ಣುಮಗಳು ಎಂದಾಗ ಹಿಂದೆ ಕೂತ ಹುಡುಗಿಯರು ಮುಂದೆ ಬಂದರು.

ಬರುವಾಗ ದಾರಿಯ ಹಳ್ಳಿಯೊಂದರಲ್ಲಿ ವೀರಗಲ್ಲು ನೋಡಿದೆವು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಲಿಂಗದ ಮುಂದೆ ಅವನು ಕೂತದ್ದು. ತುರುಗಳ ಸಾಲೂ ಇದೆ. ಊರ ದನ ಬಿಡಿಸಲು ಹೋಗಿ ಸತ್ತವನು. ಭಕ್ತಿಯಿಂದಲೇ ಯಾರೋ ಇಡೀ ಕಲ್ಲಿಗೆ ಆಯಿಲ್ ಪೇಂಟ್ ಬಳಿದಿದ್ದಾರೆ. ಅಂಚಿನಲ್ಲಿ ಅಕ್ಷರದಂಥ ಗೆರೆ ಕಂಡವು, ಓದಲಾಗಲಿಲ್ಲ. ನನಗೆ ಅಳುವೇ ಬಂತು. ಅಕ್ಷರ ಮಸುಕಾಗಿದ್ದರೆ ಸುಣ್ಣದ ಕಡ್ಡಿ, ಹಿಟ್ಟು ತಿಕ್ಕಬೇಕಾಗಿಲ್ಲ. ಇಳಿಹೊತ್ತಿನ ಓರೆ ಬಿಸಿಲಲ್ಲಿ ಬರಿಯ ನೀರು ಚಿಮುಕಿಸಿ ಫೋಟೋ ತೆಗೆದರೆ ಸಾಕು. ಪಡಿಯಚ್ಚು ತೆಗೆಯುವುದು ಕಲಿತವರ ಕೆಲಸ, ಅವರನ್ನೇ ಕರೆಸಬೇಕು.

26 ನವೆಂಬರ್, ಭಾನುವಾರ

ಅಜ್ಜಿಯ ಮನೆಗೆ ಹಳೇ ಸಾಮಾನು ಕೊಳ್ಳುವವನೊಬ್ಬ ಬಂದು ಕಡತಕ್ಕೆ ದುಡ್ಡು ಕೊಡುತ್ತೇನೆಂದು ಹೇಳಿ ಹೋಗಿದ್ದಾನೆ. ಸುದ್ದಿ ಹೇಗೆ ಹಬ್ಬಿತೋ! ಸಭೆಯಲ್ಲಿ ಜೋರು ಮಾತಾಯಿತು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ 75 ವರ್ಷ ದಾಟಿದ ಇಂಥ ಬರಹಗಳು ಪುರಾತನ ವಸ್ತುವೇ, ಲೈಸೆನ್ಸ್ ಇಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ. ಮಾಸ್ತರರು ಅದನ್ನು ಅಜ್ಜಿಯ ಮಗನಿಗೆ ತಿಳಿಸಿ ಹೇಳಿದರು.

ಕಡತಗಳನ್ನು ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಗೆ ಕೊಟ್ಟುಬಿಡೋಣ ಎಂದು ಕೆಲವರು. ಅಲ್ಲಿ ಕಾಪಾಡುವ ವ್ಯವಸ್ಥೆ ಇದೆ, ಓದುವವರಿದ್ದಾರೆ, ಒಪ್ಪುತ್ತೇನೆ. ಆದರೆ ಸಾಲದ ಆ ಹೆಸರುಗಳನ್ನು ಗುರುತಿಸುವವರು ಈ ಓಣಿಯಲ್ಲಿದ್ದಾರೆ. ಅಜ್ಜಿ ಗುರುತಿಸಿದ ಅಡ್ಡಹೆಸರನ್ನು ಬೇರೆ ಯಾವ ಊರಿನ ಪಂಡಿತರೂ ಗುರುತಿಸುತ್ತಿರಲಿಲ್ಲ. ನಾನು ಇದನ್ನು ಎದ್ದು ನಿಂತು ಹೇಳಿದೆ.

ಹೀಗೆ ಠರಾವಾಯಿತು: ಪ್ರತಿ ಮಡಿಕೆಯ ಫೋಟೋ, ಅಜ್ಜನ ಓದು, ಮನೆಯವರ ನೆನಪು ಮೂರನ್ನೂ ವಹಿಯಲ್ಲಿ ಸೇರಿಸಿ ಒಂದು ಪ್ರತಿ ಧಾರವಾಡಕ್ಕೆ. ಕಡತಗಳು ಕೋರಾ ಬಟ್ಟೆಯಲ್ಲಿ ಸುತ್ತಿ, ಬಜೆಯ ತುಂಡು ಹಾಕಿ, ಅಜ್ಜಿಯ ಪೆಟ್ಟಿಗೆಯಲ್ಲಿ. ಟೇಪು, ಲ್ಯಾಮಿನೇಶನ್ ಖಂಡಿತ ಬೇಡ. ಅಜ್ಜ ಗಟ್ಟಿಯಾಗಿರುವಾಗಲೇ ಇಬ್ಬರು ಹುಡುಗರು ಅವರ ಬಳಿ ಮೋಡಿ ಕಲಿಯಬೇಕು. ಇದಕ್ಕೆ ಕೋಟೆಯಲ್ಲಿ ಪ್ರಶ್ನೆ ಕೇಳಿದ ಹುಡುಗ ಮತ್ತು ಅಜ್ಜಿಯ ಮೊಮ್ಮಗಳು ಹೆಸರು ಕೊಟ್ಟಿದ್ದಾರೆ. ಪಾಠ ಬುಧವಾರದಿಂದ, ಅಜ್ಜನ ಪಡಸಾಲೆಯಲ್ಲಿ.