ನಸುಕಿನ ಸಂಚಿ

ಕಳೆದ ಅಕ್ಟೋಬರಿನಲ್ಲಿ ಜಾರ್ಜಿಯಾದ ಟಿಬಿಲಿಸಿಯ ಹಾಸ್ಟೆಲೊಂದರಲ್ಲಿ ಬೆಳಿಗ್ಗೆ ಆರಕ್ಕೆ ಎಚ್ಚರವಾಯಿತು. ನೋಡಿದರೆ ಎದುರಿನ ಮಂಚ ಖಾಲಿ. ಮೇಲುಹಾಸು ನಾಲ್ಕು ಮಡಿಕೆಯಾಗಿ ಕಾಲಿನ ಕಡೆ ಕೂತಿತ್ತು, ಅದರ ಮೇಲೆ ದಿಂಬಿನ ಚೀಲ, ಅದರ ಮೇಲೆ ಲಾಕರಿನ ಬೀಗದ ಕೈ. ಹಿಂದಿನ ರಾತ್ರಿ ಅಲ್ಲಿ ಮಲಗಿದ್ದ ಹುಡುಗಿ ನಾಲ್ಕೂವರೆಯ ವಿಮಾನ ಹಿಡಿಯಬೇಕೆಂದು ಹೇಳಿದ್ದಳು. ಅಂದರೆ ರಾತ್ರಿ ಎರಡರ ಹೊತ್ತಿಗೇ ಎದ್ದು ಹೋಗಿರಬೇಕು. ಸೊಲೊಲಾಕಿ ಬಡಾವಣೆಯ ಹಳೇ ಮನೆ ಅದು. ಬೆಕ್ಕು ನಡೆದರೂ ಕಿರುಗುಟ್ಟುವ ಮರದ ನೆಲ. ಎಂಟು ಮಂಚದ ಡಾರ್ಮು. ನನ್ನದು ಕೋಳಿನಿದ್ದೆ. ಆದರೂ ನನಗೆ ಒಂದು ಸದ್ದೂ ಕೇಳಿಸಿರಲಿಲ್ಲ. ಹಾಸಿಗೆಯಲ್ಲಿ ಎದ್ದು ಕೂತು ಆ ಮಡಿಕೆಗಳನ್ನೇ ನೋಡುತ್ತಿದ್ದೆ. ಒಳ್ಳೆಯ ಕಛೇರಿ ಕೇಳಿ ಮನೆಗೆ ಬಂದ ಮರುದಿನ ಇರುತ್ತದಲ್ಲ, ಅಂಥ ಸಂತೋಷ ದಿನವಿಡೀ ಜೊತೆಗಿತ್ತು.

ಹಾಸ್ಟೆಲುಗಳಲ್ಲಿ ಉಳಿದು ತಿರುಗುವವರು ಸೇರಿದರೆ ಮಾತೆಲ್ಲ ಒಂದೇ ಜಾಡಿನಲ್ಲಿ ಹೋಗುತ್ತದೆ: ರಾತ್ರಿಗೆ ಎಷ್ಟು, ಬಸ್ ನಿಲ್ದಾಣ ಎಷ್ಟು ಹತ್ತಿರ, ಬಿಸಿನೀರು ಬರುತ್ತದೋ ಇಲ್ಲವೋ. ಅವೆಲ್ಲ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಹತ್ತು ವರ್ಷದಿಂದ, ಅಂದರೆ ಶಾಲೆಯ ಕೆಲಸದಿಂದ ನಿವೃತ್ತಳಾದಾಗಿನಿಂದ, ನಾನು ಜನರನ್ನು ಅಳೆಯುವುದು ಅವರು ಹೊರಡುವ ರೀತಿಯಿಂದ. ಡಾರ್ಮಿಗೆ ಬರುವುದು ಯಾರಿಗಾದರೂ ಬರುತ್ತದೆ. ಏಳು ಜನ ಮಲಗಿರುವ ಕತ್ತಲ ಕೋಣೆಯಿಂದ ಏಳು ಜನರ ನಿದ್ದೆಯನ್ನು ಮುಟ್ಟದೆ ಹೊರಗೆ ಬರುವುದು ಕಲಿತವರಿಗೆ ಮಾತ್ರ ಬರುತ್ತದೆ. ಇದನ್ನು ಕಲಿಯಲು ಟಿಬಿಲಿಸಿಗಿಂತ ಒಳ್ಳೆಯ ಶಾಲೆ ಸಿಗಲಾರದು. ಅಲ್ಲಿನ ಎಷ್ಟೋ ವಿಮಾನಗಳು ನಡುರಾತ್ರಿ ದಾಟಿದ ಮೇಲೇ ಹಾರುತ್ತವೆ. ನಾನಿದ್ದಷ್ಟು ದಿನ ಪ್ರತಿ ರಾತ್ರಿ ನಮ್ಮ ಕೋಣೆಯಿಂದ ಯಾರಾದರೊಬ್ಬರು ಹೊರಟೇ ಹೊರಡುತ್ತಿದ್ದರು.

ಹೊರಡುವ ಕೆಲಸ ಶುರುವಾಗುವುದು ಹಿಂದಿನ ಸಂಜೆ. ನಾಳೆ ಹಾಕಿಕೊಳ್ಳುವ ಬಟ್ಟೆಯನ್ನು ಹಾಕಿಕೊಂಡೇ ಮಲಗಬೇಕು. ದೊಡ್ಡ ಚೀಲವನ್ನು ಕೋಣೆಯೊಳಗೆ ಇಟ್ಟುಕೊಳ್ಳಲೇಬಾರದು; ರಾತ್ರಿ ಕಾವಲಿಗಿರುವವರನ್ನು ಕೇಳಿದರೆ ತಮ್ಮ ಮೇಜಿನ ಹಿಂದೆ ಇಟ್ಟುಕೊಳ್ಳುತ್ತಾರೆ. ಹಾಸಿಗೆಯಲ್ಲಿ ಉಳಿಯಬೇಕಾದದ್ದು ಪಾಸ್‌ಪೋರ್ಟು, ಕನ್ನಡಕ, ಮಾತ್ರೆ, ಫೋನು, ಇಷ್ಟೇ. ಮೇಲಿನ ಮಂಚ ಸಿಕ್ಕಿದ್ದರೆ ಏಣಿಯ ಮೆಟ್ಟಿಲಿನ ನಡುವೆ ಕಾಲಿಡಬಾರದು, ಕಂಬಕ್ಕೆ ಸೇರುವ ತುದಿಯಲ್ಲಿಡಬೇಕು, ಕಿರುಗುಟ್ಟುವುದು ನಡುಭಾಗ. ನೆಲದ ಮೇಲೆ ಗೋಡೆಯ ಅಂಚಿಗೆ ನಡೆಯಬೇಕು, ಹಲಗೆಗೆ ಅಲ್ಲಿ ಆಧಾರವಿರುತ್ತದೆ. ಬಾಗಿಲ ಹಿಡಿಕೆಯನ್ನು ಪೂರ್ತಿ ಒತ್ತಿ, ಬಾಗಿಲು ಚೌಕಟ್ಟಿಗೆ ಕೂತ ಮೇಲೆ ಬಿಡಬೇಕು.

ಇಷ್ಟರವರೆಗೆ ಬಲ್ಲವರಲ್ಲಿ ಜಗಳವಿಲ್ಲ. ಜಗಳ ಬರುವುದು ಜಿಪ್ಪಿನಲ್ಲಿ.

ಜಿಪ್ಪನ್ನು ಹಲ್ಲುಹಲ್ಲು ಎಣಿಸಿದಂತೆ ನಿಧಾನವಾಗಿ ಎಳೆಯಬೇಕು ಎನ್ನುವವರದು ಒಂದು ಪಂಗಡ. ನನಗೆ ಪರಿಚಯವಾದ ಹಳೆಯ ಹಾಸ್ಟೆಲಿಗರಲ್ಲಿ ಅವರೇ ಹೆಚ್ಚು, ಮತ್ತು ಅವರು ಹೇಳುವುದು ಪೂರಾ ತಪ್ಪು. ನಿಧಾನವಾಗಿ ಎಳೆದರೆ ಸದ್ದು ಸಣ್ಣದಾಗುತ್ತದೆ ನಿಜ, ಆದರೆ ಉದ್ದವಾಗುತ್ತದೆ. ಮಲಗಿದವರು ಮೊದಲ ಕರ್‌ ಎಂಬುದಕ್ಕೆ ಅರ್ಧ ಎಚ್ಚರವಾಗಿ, ಮುಂದಿನದಕ್ಕೆ ಕಾಯುತ್ತಾ ಪೂರ್ತಿ ಎಚ್ಚರವಾಗುತ್ತಾರೆ. ಒಂದೇ ಎಳೆತಕ್ಕೆ ಸರ್ರೆಂದು ಎಳೆದುಬಿಡಿ ಎನ್ನುವ ಇನ್ನೊಂದು ಪಂಗಡದ ಮಾತಿನಲ್ಲಿ ಒಂದಿಷ್ಟು ಹುರುಳಿದೆ. ಒಮ್ಮೆ ಆದ ಸದ್ದನ್ನು ನಿದ್ದೆ ನುಂಗಿಕೊಳ್ಳುತ್ತದೆ. ಆದರೆ ಅವರ ಚೀಲಕ್ಕೆ ಆರು ಜಿಪ್ಪುಗಳಿದ್ದು ಬೇಕಾದದ್ದು ಆರನೆಯದರಲ್ಲಿದ್ದರೆ? ಲೂಬ್ಲಿಯಾನಾದಲ್ಲಿ ಪರಿಚಯವಾದ ಡಚ್ ಹೆಂಗಸೊಬ್ಬಳು ಜಿಪ್ಪಿಗೆ ಮೇಣದಬತ್ತಿ ಉಜ್ಜುತ್ತಿದ್ದಳು. ನಾನೂ ಉಜ್ಜಿ ನೋಡಿದೆ. ಜಾರುವುದೇನೋ ಜಾರುತ್ತದೆ, ಸದ್ದು ಹೋಗುವುದಿಲ್ಲ. ನನ್ನ ತೀರ್ಮಾನ ಇಷ್ಟೆ: ರಾತ್ರಿ ತೆರೆಯಬೇಕಾದ ಯಾವುದಕ್ಕೂ ಜಿಪ್ಪು ಇರಬಾರದು. ಪ್ಲಾಸ್ಟಿಕ್ ಕವರಂತೂ ಹತ್ತಿರವೇ ಸುಳಿಯಬಾರದು. ಜಿಪ್ಪಿನದು ಒಂದು ಸಲದ ಸದ್ದು. ಕವರಿನ ಚರಪರಕ್ಕೆ ಕೊನೆಯೇ ಇಲ್ಲ; ಕೈಯಿಟ್ಟರೂ ಸದ್ದು, ತೆಗೆದರೂ ಸದ್ದು, ಕೆಳಗಿಟ್ಟ ಮೇಲೂ ತನ್ನಷ್ಟಕ್ಕೆ ಬಿಚ್ಚಿಕೊಳ್ಳುತ್ತಾ ಸದ್ದು.

ನನ್ನ ಬಳಿ ಇರುವುದು ಐದು ಸಂಚಿಗಳು. ಹಳೆಯ ಸೀರೆಗಳಿಂದ ಹೊಲಿದು ಬಾಯಿಗೆ ಲಾಡಿ ಹಾಕಿದ್ದೇನೆ. ಪಾಸ್‌ಪೋರ್ಟಿನದು ಇಳಕಲ್ ಸೀರೆಯ ಸೆರಗಿನ ತುಂಡು, ರೇಷ್ಮೆ, ಬೆರಳಿಗೆ ತಣ್ಣಗೆ ಜಾರುತ್ತದೆ. ಮಾತ್ರೆಯದು ಖಾದಿ. ಚಾರ್ಜರು ವೈರುಗಳದು ದಪ್ಪ ಖಣದ ಬಟ್ಟೆ, ಅದರ ನೇಯ್ಗೆಯ ಚುಕ್ಕಿ ಕೈಗೆ ಸಿಗುತ್ತದೆ. ಒಳಬಟ್ಟೆಯದು ತೊಳೆದು ತೊಳೆದು ಮೆತ್ತಗಾದ ಹತ್ತಿ. ಐದನೆಯದು ಖಾಲಿ, ಯಾವುದಕ್ಕಾದರೂ ಬೇಕಾಗುತ್ತದೆ. ದೀಪ ಬೇಡ, ಫೋನಿನ ಟಾರ್ಚು ಬೇಡ. ಬಟ್ಟೆ ಮುಟ್ಟಿದರೆ ಒಳಗೇನಿದೆ ಎಂದು ತಿಳಿಯುತ್ತದೆ. ಇದನ್ನು ಕಲಿಸಿದವಳು ನಮ್ಮಜ್ಜಿ. ಅವಳ ಎಲೆಯಡಿಕೆ ಸಂಚಿಗೆ ನಾಲ್ಕು ಪದರ: ಎಲೆ, ಅಡಿಕೆ, ಸುಣ್ಣದ ಡಬ್ಬಿ, ಚಿಲ್ಲರೆ ದುಡ್ಡು. ಧಾರವಾಡದ ಹಳೇ ಮನೆಯಲ್ಲಿ ರಾತ್ರಿ ಕರೆಂಟು ಹೋದಾಗ ನಾನು ಕಂದೀಲು ತರಲು ಏಳುತ್ತಿದ್ದೆ. ಅಜ್ಜಿ ಕತ್ತಲಲ್ಲೇ ಎಲೆಗೆ ಸುಣ್ಣ ಸವರುತ್ತಾ "ದೀಪ ಯಾಕ? ಕೈಗೆ ಗೊತ್ತೈತಿ, ಕೂಡ" ಎನ್ನುತ್ತಿದ್ದಳು. ಇವತ್ತು ಅಂಗಡಿಗಳಲ್ಲಿ ಪ್ರಯಾಣಿಕರಿಗೆಂದೇ ನೈಲಾನಿನ ಚೌಕ ಚೀಲಗಳನ್ನು ಮಾರುತ್ತಾರೆ. ಐದಕ್ಕೆ ಐದೂ ಒಂದೇ ಬಟ್ಟೆ, ಐದಕ್ಕೂ ಜಿಪ್ಪು! ಮಾಡಿದವರು ಒಂದು ರಾತ್ರಿಯಾದರೂ ಡಾರ್ಮಿನಲ್ಲಿ ಮಲಗಿದ್ದರೆ ಹಾಗೆ ಮಾಡುತ್ತಿರಲಿಲ್ಲ.

ಜಪಾನಿನವರು ಈ ಸದ್ದಿನ ತೊಡಕನ್ನು ಇನ್ನೊಂದು ದಾರಿಯಿಂದ ಸರಿಮಾಡಿಕೊಂಡಿದ್ದಾರೆ. ಮೊದಲ ಕ್ಯಾಪ್ಸೂಲ್ ಹೋಟೆಲು 1979ರಲ್ಲಿ ಒಸಾಕಾದಲ್ಲಿ ಶುರುವಾಯಿತು. ಅದನ್ನು ರೂಪಿಸಿದವರು ಕಿಶೋ ಕುರೊಕಾವಾ ಎಂಬ ಪ್ರಸಿದ್ಧ ವಾಸ್ತುಶಿಲ್ಪಿ. ಒಬ್ಬರು ಮಲಗುವಷ್ಟು ಗೂಡು, ಬಾಗಿಲ ಬದಲು ಇಳಿಬಿಡುವ ಒಂದು ಪರದೆ. ಸದ್ದನ್ನು ಆ ಪರದೆ ಏನೂ ತಡೆಯುವುದಿಲ್ಲ. ಅದಕ್ಕೇ ಗಂಟುಮೂಟೆ ಇಡುವ ಲಾಕರುಗಳು ಮಲಗುವ ಜಾಗದಿಂದ ದೂರ ಇರುತ್ತವೆ. ಬಟ್ಟೆ ಬದಲಿಸುವುದು, ಚೀಲ ಕಟ್ಟುವುದು ಎಲ್ಲ ಅಲ್ಲೇ. ಅಲಾರಾಂ ಬಡಿಸಬೇಡಿ, ಫೋನನ್ನು ಕಂಪನಕ್ಕೆ ಹಾಕಿಕೊಳ್ಳಿ ಎಂದು ಹೇಳುತ್ತಾರೆ, ಜನ ಹಾಗೇ ಮಾಡುತ್ತಾರೆ.

ಮಾಡದವರ ಮಾತಿಗೆ ಬರುತ್ತೇನೆ. ಟಿಬಿಲಿಸಿಯ ಆ ಹುಡುಗಿ ಹೋದ ಮರುರಾತ್ರಿ ನಮ್ಮ ಕೋಣೆಗೆ ಬೆಂಗಳೂರಿನ ಹುಡುಗನೊಬ್ಬ ಬಂದ. ಮೂರು ಗಂಟೆಗೆ ಅವನ ಅಲಾರಾಂ ಬಡಿಯಿತು. ನಿಲ್ಲಿಸಿ ಮಲಗಿದ. ಹತ್ತು ನಿಮಿಷಕ್ಕೆ ಮತ್ತೆ ಬಡಿಯಿತು. ಹೀಗೆ ನಾಲ್ಕು ಸಲ. ಆಮೇಲೆ ದೀಪ ಹಾಕಿದ, ಕವರುಗಳನ್ನು ಹರವಿಕೊಂಡು ಅರ್ಧ ಗಂಟೆ ಚೀಲ ತುಂಬಿದ, ನಡುವೆ ಊರಿನಿಂದ ಬಂದ ವಿಡಿಯೋ ಕಾಲನ್ನು ಸ್ಪೀಕರಿಗೆ ಹಾಕಿ ಮಾತಾಡಿದ. ನನ್ನ ಪಕ್ಕದ ಮಂಚದಲ್ಲಿ ಕಲಬುರಗಿ ಕಡೆಯ ಹುಡುಗಿಯೊಬ್ಬಳಿದ್ದಳು. ಜಾರ್ಜಿಯಾಕ್ಕೆ ವೈದ್ಯಕೀಯ ಓದಲು ಬರುವ ನಮ್ಮ ದೇಶದ ಮಕ್ಕಳು ಸಾವಿರಾರು. ಬಾಡಿಗೆಗೆ ಕೋಣೆ ಸಿಗುವ ತನಕ ಎಷ್ಟೋ ಜನ ಇಂಥ ಹಾಸ್ಟೆಲುಗಳಲ್ಲೇ ಇರುತ್ತಾರೆ. ಮರುದಿನ ಅವಳಿಗೆ ಮೊದಲ ತರಗತಿ. ಮನೆ ಬಿಟ್ಟು ಬಂದ ಮೂರು ರಾತ್ರಿಯಿಂದ ನಿದ್ದೆಯಿಲ್ಲದೆ ಆಗಷ್ಟೇ ಕಣ್ಣು ಮುಚ್ಚಿದ್ದವಳು ಎದ್ದು ಕೂತು, ಮಂಡಿಗೆ ಹಣೆಯಿಟ್ಟು, ಸದ್ದಾಗದಂತೆ ಅಳುತ್ತಿದ್ದಳು. ನಾನು ಎದ್ದು ಹೋಗಿ ಆ ಹುಡುಗನಿಗೆ ಮೆಲ್ಲಗೆ ಹೇಳಿದೆ. ಅವನು ನಗುತ್ತಲೇ, "ಡಾರ್ಮ್ ಅಂದ್ರೆ ಅಷ್ಟೇ ಅಲ್ವಾ ಆಂಟಿ, ಇಯರ್‌ಪ್ಲಗ್ ಹಾಕ್ಕೊಂಡುಬಿಡಿ" ಎಂದ.

ಅವನೊಬ್ಬನೇ ಆಗಿದ್ದರೆ ಮರೆಯುತ್ತಿದ್ದೆ. ಇದೇ ಮಾತನ್ನು ಹತ್ತು ದೇಶಗಳ ಜನರ ಬಾಯಲ್ಲಿ ಕೇಳಿದ್ದೇನೆ. ಸದ್ದು ಮಾಡುವವನಿಗೆ ಹಕ್ಕು, ಕೇಳಿಸಿಕೊಳ್ಳುವವರಿಗೆ ಕಿವಿಬೆಣೆ. ಕಡಿಮೆ ದುಡ್ಡು ಕೊಟ್ಟವರಿಗೆ ನಿದ್ದೆಯೂ ಕಡಿಮೆ ಸಾಕು ಎಂದು ಯಾರು ಹೇಳಿದರು? ದುಡ್ಡಿದ್ದವರು ಕೋಣೆ ಹಿಡಿದು ಬಾಗಿಲು ಹಾಕಿಕೊಳ್ಳುತ್ತಾರೆ, ಯಾರನ್ನೂ ನೆನೆಯಬೇಕಾಗಿಲ್ಲ. ಇಲ್ಲಿ ನಾವು ಎಂಟು ಜನ ಒಬ್ಬರ ನಿದ್ದೆಯನ್ನು ಇನ್ನೊಬ್ಬರ ಕೈಯಲ್ಲಿಟ್ಟು ಮಲಗಿದ್ದೇವೆ. ಗುರುತು ಪರಿಚಯವಿಲ್ಲದವರನ್ನು ನಂಬಿ ಕಣ್ಣು ಮುಚ್ಚುವುದು ಸಣ್ಣ ಮಾತಲ್ಲ. ಬೆಳಿಗ್ಗೆ ಆ ಹುಡುಗಿ ಕಣ್ಣು ಊದಿಸಿಕೊಂಡು "ಹೋಗಿ ಬರ್ತೀನ್ರಿ ಅಕ್ಕೋರೆ" ಎಂದು ಕಾಲೇಜಿಗೆ ಹೊರಟಾಗ ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಬರೆಯುವಾಗ ಈಗಲೂ ಇಳಿದಿಲ್ಲ.

ಈ ಹಾಸ್ಟೆಲು ಎಂಬುದು ಹುಟ್ಟಿದ್ದೇ ಒಬ್ಬ ಮೇಷ್ಟ್ರು ನಿದ್ದೆಗೆಟ್ಟ ರಾತ್ರಿಯಲ್ಲಿ. ರಿಚರ್ಡ್ ಶಿರ್ಮನ್ ಜರ್ಮನಿಯ ಆಲ್ಟೆನಾ ಊರಿನ ಶಾಲಾಮಾಸ್ತರರು. 1909ರ ಆಗಸ್ಟ್ 26ರಂದು ಮಕ್ಕಳನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಕರೆದೊಯ್ಯುತ್ತಿದ್ದಾಗ ಬ್ರೋಲ್ ಕಣಿವೆಯಲ್ಲಿ ಗುಡುಗುಮಳೆ ಹಿಡಿಯಿತು. ಆಶ್ರಯ ಸಿಕ್ಕಿದ್ದು ಒಂದು ಹಳ್ಳಿ ಶಾಲೆಯಲ್ಲಿ. ರೈತನೊಬ್ಬ ಹುಲ್ಲು ಕೊಟ್ಟ, ಅದನ್ನೇ ತರಗತಿಯಲ್ಲಿ ಹಾಸಿ ಮಕ್ಕಳನ್ನು ಮಲಗಿಸಿದರು. ಅವರು ನಿದ್ದೆ ಹೋದರು, ಮೇಷ್ಟ್ರು ಎದ್ದೇ ಇದ್ದರು. ರಜೆಯಲ್ಲಿ ಖಾಲಿ ಬೀಳುವ ಶಾಲೆಗಳೆಲ್ಲ ನಡೆದು ಬರುವ ಮಕ್ಕಳಿಗೆ ತಂಗುದಾಣ ಯಾಕಾಗಬಾರದು ಎಂದು ಅವರಿಗೆ ಹೊಳೆದದ್ದು ಆ ರಾತ್ರಿ. ಕೆಲವೇ ವರ್ಷಗಳಲ್ಲಿ ಆಲ್ಟೆನಾದ ಕೋಟೆಯೊಳಗೆ ಕಾಯಂ ಯೂತ್ ಹಾಸ್ಟೆಲು ತೆರೆಯಿತು. 1932ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹಲವು ದೇಶಗಳ ಹಾಸ್ಟೆಲುಗಳು ಕೂಡಿ ಒಕ್ಕೂಟ ಕಟ್ಟಿದವು. ಮರುವರ್ಷ ನಾಜಿಗಳು ಜರ್ಮನಿಯ ಹಾಸ್ಟೆಲುಗಳನ್ನು ಹಿಟ್ಲರನ ಯುವಪಡೆಗೆ ಒಪ್ಪಿಸಿದರು; ಮುಂದೆ ಶಿರ್ಮನ್ನರನ್ನೂ ಬದಿಗೆ ಸರಿಸಿದರು.

ಮೂರು ವರ್ಷದ ಹಿಂದೆ ಆ ಕೋಟೆಗೆ ಹೋಗಿದ್ದೆ. ಕೆಳಗೆ ಲೆನ್ನೆ ಹೊಳೆ, ಮೇಲೆ ಗುಡ್ಡದ ತುದಿಗೆ ಕೋಟೆ. ಹಳೆಯ ಮಲಗುವ ಕೋಣೆಯನ್ನು ವಸ್ತುಸಂಗ್ರಹಾಲಯವಾಗಿ ಉಳಿಸಿಕೊಂಡಿದ್ದಾರೆ. ದಪ್ಪ ಮರದ ಅಂತಸ್ತಿನ ಮಂಚಗಳ ಮುಂದೆ ನಿಂತಾಗ ನನಗೆ ನೆನಪಾದದ್ದು ಹೊಸಪೇಟೆಯ ಒಂದು ಶಾಲೆಯ ಹಾಲು. ನಮ್ಮ ಶೈಕ್ಷಣಿಕ ಪ್ರವಾಸಗಳಲ್ಲಿ ಹೋಟೆಲು ಎಲ್ಲಿಂದ ಬರಬೇಕು? ಹಂಪಿ ನೋಡಿ ಬಂದ ಅರವತ್ತು ಹುಡುಗಿಯರು ಜಮಖಾನದ ಮೇಲೆ ಸಾಲಾಗಿ ಮಲಗುತ್ತಿದ್ದರು. ರಾತ್ರಿ ಎರಡು ಸಲ ಎದ್ದು ತಲೆ ಎಣಿಸುವುದು ನನ್ನ ಕೆಲಸ. ಟಾರ್ಚು ಹಾಕಿದರೆ ನಾಲ್ಕು ಜನ ಎದ್ದು ಪಿಸುಗುಟ್ಟಲು ಶುರುಮಾಡುತ್ತಾರೆ, ಆಮೇಲೆ ನಲವತ್ತು. ಹಾಗಾಗಿ ಬರಿಗಾಲಿನಲ್ಲಿ, ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡು, ಉಸಿರಿನ ಸದ್ದಿನ ಮೇಲೆ ಎಣಿಸುತ್ತಾ ಹೋಗುತ್ತಿದ್ದೆ. ಡಾರ್ಮಿನಲ್ಲಿ ನಡೆಯುವುದನ್ನು ನಾನು ಕಲಿತದ್ದು ಆ ಹಾಲಿನಲ್ಲಿ. ಬ್ರೋಲ್ ಕಣಿವೆಯ ಆ ಮೇಷ್ಟ್ರೂ ಎದ್ದು ಎಣಿಸಿಯೇ ಇದ್ದಾರು. ಹುಲ್ಲಿನ ಮೇಲೆ ಸದ್ದಾಗದಂತೆ ಅವರು ಹೇಗೆ ನಡೆದರೋ.

ಟಿಬಿಲಿಸಿಯಿಂದ ನಾನು ಬೆಟ್ಟದೂರು ಸ್ತೆಪಾಂತ್ಸ್‌ಮಿಂಡಾಕ್ಕೆ ಹೋದೆ. ಡಿಡುಬೆ ನಿಲ್ದಾಣದಿಂದ ಮಾರ್ಷ್ರುತ್ಕಾ ಎಂಬ ಮಿನಿಬಸ್ಸು. ಜ್ವಾರಿ ಘಾಟು ಹತ್ತಿ ಇಳಿದು, ಸುಮಾರು 150 ಕಿಲೋಮೀಟರು. ಅಲ್ಲಿ ಹಾಸ್ಟೆಲಿನ ಬದಲು ಒಬ್ಬ ಅಜ್ಜಿಯ ಮನೆಯ ಗೆಸ್ಟ್‌ಹೌಸಿನಲ್ಲಿ ಕೋಣೆ ಹಿಡಿದೆ. ಕಿಟಕಿಯಿಂದ ಗೆರ್ಗೆಟಿಯ ಇಗರ್ಜಿ, ಅದರ ಹಿಂದೆ ಕಾಜ್ಬೆಕ್ ಶಿಖರ. ಸಸ್ಯಾಹಾರಿ ಎಂದು ಕೈಸನ್ನೆಯಲ್ಲಿ ತಿಳಿಸಿದ ಮೇಲೆ ಮೂರು ದಿನವೂ ಮಣ್ಣಿನ ಗಡಿಗೆಯಲ್ಲಿ ಬೆಂದ ಲೋಬಿಯೊ ಕಾಳು, ಜೊತೆಗೆ ಮೆಕ್ಕೆಜೋಳದ ಮ್ಚಾದಿ ರೊಟ್ಟಿ. ಅವರ ಭಾಷೆಯಲ್ಲಿ ತಾಯಿಗೆ ದೆದಾ, ತಂದೆಗೆ ಮಾಮಾ, ಬ್ರೆಡ್ಡಿಗೆ ಪುರಿ.

ನಾಲ್ಕನೆಯ ದಿನ ನಸುಕಿನಲ್ಲೇ ಹೊರಡಬೇಕಿತ್ತು. ಮಧ್ಯಾಹ್ನದ ವಿಮಾನ, ಮೋಡ ಕವಿದ ಘಾಟು. ಟಿಬಿಲಿಸಿಗೆ ಹೋಗುವ ಕಾರೊಂದು ನಾಲ್ಕೂವರೆಗೆ ಬರುವುದಿತ್ತು. ಎಲ್ಲವನ್ನೂ ಕ್ರಮವಾಗಿ ಮಾಡಿದೆ. ದುಡ್ಡನ್ನು ಹಿಂದಿನ ಸಂಜೆಯೇ ಕೊಟ್ಟಿದ್ದೆ. ಸಂಚಿಗಳು ಕೈಯಳತೆಯಲ್ಲಿದ್ದವು, ಮೆಟ್ಟಿಲ ಅಂಚಿನಲ್ಲೇ ಕಾಲಿಟ್ಟು ಇಳಿದೆ. ಒಂದು ಸದ್ದೂ ಆಗಲಿಲ್ಲ. ಕೆಳಗೆ ಬಂದರೆ ಅಡಿಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಅಜ್ಜಿ ತಲೆಗೆ ವಸ್ತ್ರ ಕಟ್ಟಿಕೊಂಡು, ಚಹಾದ ಲೋಟ ಮುಂದಿಟ್ಟುಕೊಂಡು ಕಾಯುತ್ತಾ ಕೂತಿದ್ದಳು. ನನ್ನನ್ನು ನೋಡಿ ಅವಳಾಡಿದ ಮಾತು ಅರ್ಥವಾಗಲಿಲ್ಲ, ದನಿ ಅರ್ಥವಾಯಿತು. ನಮ್ಮಜ್ಜಿ ಇದ್ದಿದ್ದರೆ ಇದೇ ದನಿಯಲ್ಲಿ "ಹೇಳದ ಹೊಂಟೀಯೇನು?" ಎನ್ನುತ್ತಿದ್ದಳು. ಹೋಗುತ್ತೇನೆ ಎನ್ನಬಾರದು, ಹೋಗಿ ಬರುತ್ತೇನೆ ಎನ್ನಬೇಕು ಎಂದು ನಮ್ಮನ್ನು ಬೆಳೆಸಿದವಳು ಅವಳು. ಜಾರ್ಜಿಯನ್ ಭಾಷೆಯಲ್ಲಿ ಬೀಳ್ಕೊಡುವಾಗ ಹೇಳುವ ನಖ್ವಾಮ್‌ದಿಸ್ ಎಂಬುದಕ್ಕೂ ಮತ್ತೆ ಕಾಣುವ ತನಕ ಎಂದೇ ಅರ್ಥ. ಅಜ್ಜಿಯ ಕೈ ಹಿಡಿದು ಅದನ್ನು ಹೇಳಿದೆ. ಅವಳು ನನ್ನ ಉಚ್ಚಾರ ತಿದ್ದಿ ಇನ್ನೊಮ್ಮೆ ಹೇಳಿಸಿದಳು.

ಚಹಾ ಕುಡಿಯುವ ತನಕ ಬಿಡಲಿಲ್ಲ. ಎದ್ದು ನಿಂತಾಗ ಬಿಸಿ ಮಾಡಿದ ಪುರಿಯನ್ನು, ನಡುವೆ ಗಿಣ್ಣು ಇಟ್ಟು, ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತತೊಡಗಿದಳು. ಚರಪರ ಸದ್ದು ಮನೆಯನ್ನೆಲ್ಲ ತುಂಬಿತು. ಮೇಲೆ ಇನ್ನೂ ಇಬ್ಬರು ಮಲಗಿದ್ದರು. ನಾನು ಖಾಲಿ ಇದ್ದ ಐದನೆಯ ಸಂಚಿಯನ್ನು ತೆಗೆದು ಅವಳ ಮುಂದೆ ಹಿಡಿದೆ. ಅಜ್ಜಿ ಬಟ್ಟೆಯನ್ನು ಎರಡು ಬೆರಳಿನ ನಡುವೆ ಉಜ್ಜಿ ನೋಡಿದಳು, ಅಂಚನ್ನು ತಿರುಗಿಸಿ ಹೊಲಿಗೆ ನೋಡಿದಳು, ಲಾಡಿ ಎಳೆದು ಬಿಟ್ಟಳು. ಆಮೇಲೆ ಕವರನ್ನು ಬದಿಗಿಟ್ಟು, ಪುರಿಯನ್ನು ಸಂಚಿಯೊಳಗೆ ಇಳಿಸಿದಳು. ಘಾಟು ಇಳಿಯುವ ತನಕ ಅದು ನನ್ನ ಮಡಿಲಲ್ಲಿ ಬೆಚ್ಚಗಿತ್ತು.