ಹನ್ನೆರಡರಲ್ಲಿ ಏಳು

ವರ್ಷಕ್ಕೆ 12 ಪುಸ್ತಕ ಓದಬೇಕೆಂದು ಜನವರಿಯಲ್ಲಿ ಪಂಥ ಕಟ್ಟಿದ್ದೆವು. ಮುಗಿದದ್ದು ಏಳು, ಬಹುತೇಕ ಸಿಂಧನೂರು–ಲಿಂಗಸುಗೂರು ಬಸ್ಸಿನಲ್ಲೇ.

ದೇವನೂರ ಮಹಾದೇವರ ‘ಕುಸುಮಬಾಲೆ’ ಚಾಮರಾಜನಗರ ಕಡೆಯ ಮಾತು. ಸುಮ್ಮನೆ ಓದಿದರೆ ತಿಳಿಯಲಿಲ್ಲ, ಬಾಯಿಬಿಟ್ಟು ಓದಿದಾಗ ತಿಳಿಯಿತು. ಪಕ್ಕದವರು ನಕ್ಕರು, ನಗಲಿ. ಗೀತಾ ನಾಗಭೂಷಣರ ‘ಬದುಕು’ ತೆರೆದರೆ ಕಲಬುರಗಿ ಸೀಮೆ ಮಾತು, ಹೆಚ್ಚುಕಡಿಮೆ ನಮ್ಮವ್ವನದೇ. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ ಅದು. ಅಂಥ ಮಾತನ್ನೇ ನಾವು ಸುದ್ದಿಯಲ್ಲಿ ತಿದ್ದಿ, ‘ಶುದ್ಧ’ ಮಾಡಿ ಕಳಿಸುತ್ತಿದ್ದೆವಲ್ಲ! ನಾಚಿಕೆಯಾಯಿತು.

ಬಸ್ಸು ದಿನಾ ಹಾಯುವ ಮಸ್ಕಿಯಲ್ಲಿ, 1915ರಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನ ಹೆಸರೇ ಇದೆ. ಅಂಥ ದೊರೆಯೂ ಬರೆಸಿದ್ದು ಸಂಸ್ಕೃತದಲ್ಲಲ್ಲ, ಪ್ರಾಕೃತದಲ್ಲಿ.

ಮೊನ್ನೆ ಕಾಲುವೆಯ ಕೊನೆಭಾಗದ ಅಕ್ಕ ಒಬ್ಬರು, “ನೀರು ಬರಲಾರ್ದ ನೆಲ್ಲು ಒಣಗೇತ್ರಿ” ಅಂದರು. ಹಾಗೇ ಬರೆದು ಕಳಿಸಿದೆವು. ಡೆಸ್ಕಿನಲ್ಲಿ ತಿದ್ದಿದರು. ಮುಂದಿನ ಸಲವೂ ಹಾಗೇ ಕಳಿಸುತ್ತೇವೆ.